ರಾಯಭಾರಿಯ ಕೋಟು ಅಂತ ಕೊಂಡೆ, ಟೋಪಿಯ ಗರಿ ಬೇರೇನೋ ಹೇಳಿತು

ಲಂಡನ್ನಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ (ಹೆಸರು ಬೇಡ, ಸುಮ್ನೆ ಜಗಳ ಯಾಕೆ) ಹೋದ ತಿಂಗಳು ಬ್ರಿಟಿಷ್ ದರ್ಬಾರು ಉಡುಪಿನ ಒಂದು ಸೆಟ್ ಕೊಂಡೆ. ಕಡುನೀಲಿ ಕೋಟು, ಪ್ಯಾಂಟು, ಗರಿ ಹೊಲಿದ ಟೋಪಿ, ಎಲ್ಲವನ್ನೂ ಇಡೋಕೆ ಕಪ್ಪು ತಗಡಿನ ಪೆಟ್ಟಿಗೆ. ಕತ್ತಿ ಇಲ್ಲ. ಬೆಲೆ 520 ಪೌಂಡ್. ಮನೆಯವಳು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಆದರೆ ಕೋಟು ಮಾತ್ರ ಅದ್ಭುತ. ಉಣ್ಣೆಬಟ್ಟೆ ಎಷ್ಟು ಒತ್ತಾಗಿದೆ ಅಂದರೆ ಕೆಳಗಿನ ಅಂಚನ್ನು ಮಡಚಿ ಹೊಲಿದೇ ಇಲ್ಲ, ಕತ್ತರಿಸಿ ಹಾಗೇ ಬಿಟ್ಟಿದ್ದಾರೆ, ಇಷ್ಟು ವರ್ಷ ಆದರೂ ಒಂದು ಎಳೆ ಬಿಚ್ಚಿಲ್ಲ. ಕಾಲರು, ತೋಳಿನ ತುದಿಯಲ್ಲಿ ಓಕ್ ಎಲೆಯ ಕಸೂತಿ. ನಮ್ಮಜ್ಜಿ ಸೀರೆಯ ಜರಿಯ ಹಾಗೆಯೇ ಇದೂ ಬೆಳ್ಳಿ ಎಳೆಗೆ ಚಿನ್ನದ ಲೇಪ, ಹಾಗಾಗಿ ಮಂಕಾಗಿದೆ. ಮಡಚಿದಾಗ ಒಳಗೆ ಸೇರುತ್ತಿದ್ದ ಎಡತೋಳು ಮಾತ್ರ ಇವತ್ತಿಗೂ ಫಳಫಳ. ಯಾರಾದರೂ ಇಂಥದ್ದು ಕೊಂಡರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕೋಕೆ ಹೋಗಬೇಡಿ.

ಈಗ ತಕರಾರು. ಹಿಂದಿನ ಬಾಲದಲ್ಲಿ ನುಸಿ ತಿಂದ ಎರಡು ತೂತು, ಫೋಟೋದಲ್ಲಿ ಅದು ಕಾಣದ ಹಾಗೆ ಮಡಚಿಟ್ಟಿದ್ದರು. ಇನ್ನೊಂದು, ಚೀಟಿಯಲ್ಲಿ 'ರಾಯಭಾರಿಯ ಉಡುಪು' ಅಂತ ಬರೆದಿತ್ತು.

ಅಲ್ಲ ಸ್ವಾಮಿ, ಈ ಉಡುಪಿಗೆಲ್ಲ ಲಾರ್ಡ್ ಚೇಂಬರ್ಲಿನ್ ಕಚೇರಿಯ, ಅಂದರೆ ಅರಮನೆಯ ಸಮಾರಂಭಗಳನ್ನು ನೋಡಿಕೊಳ್ಳುವ ಕಚೇರಿಯ, ಕಟ್ಟುನಿಟ್ಟಿನ ನಿಯಮ ಇತ್ತು. ಸರ್ಕಾರಿ ಅಧಿಕಾರಿಗಳಿಗೆ ಐದು ದರ್ಜೆ, ಹುದ್ದೆ ದೊಡ್ಡದಾದಷ್ಟೂ ಜರಿ ಅಗಲ. ಟೋಪಿಯ ಅಂಚಿಗೆ ಉಷ್ಟ್ರಪಕ್ಷಿಯ ಗರಿ, ಮೊದಲ ದರ್ಜೆಗೆ (ರಾಯಭಾರಿಗಳು ಇದರಲ್ಲೇ) ಬಿಳಿ, ಉಳಿದವರಿಗೆ ಕಪ್ಪು. ನನ್ನ ಟೋಪಿಯದು ಕಪ್ಪು. ಟೋಪಿ ಬೇರೆಯವರದ್ದು ಇರಬಹುದು ಅಂತ ಕೋಟಿನ ಜರಿ ನೋಡಿದೆ, ಅದಂತೂ ನನ್ನ ಹೆಬ್ಬೆರಳಿಗಿಂತ ಕಿರಿದು.

ಒಳಜೇಬಿಗೆ ಕೈ ಹಾಕಿದಾಗ ದರ್ಜಿಯ ಪಟ್ಟಿ ಸಿಕ್ಕಿತು, ಮಸಿಯಲ್ಲಿ ಒಬ್ಬರ ಹೆಸರು, 1894. ಆ ಕಾಲದಲ್ಲಿ ಸೇಂಟ್ ಜೇಮ್ಸ್ ಅರಮನೆಯ ಲೆವೀಗೆ, ಅಂದರೆ ಗಂಡಸರಿಗೆಂದೇ ನಡೆಯುತ್ತಿದ್ದ ದರ್ಬಾರಿಗೆ, ಹೊಸದಾಗಿ ಹಾಜರಾದವರ ಹೆಸರು ಸರ್ಕಾರಿ ಪತ್ರಿಕೆ 'ಲಂಡನ್ ಗೆಜೆಟ್'ನಲ್ಲಿ ಅಚ್ಚಾಗುತ್ತಿತ್ತು. ಆ ಹಳೇ ಸಂಚಿಕೆಗಳು ಈಗ ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತವೆ. ಎರಡು ರಾತ್ರಿ ಕೂತು ಹುಡುಕಿದೆ, ಸಿಕ್ಕರು! ರಾಯಭಾರಿಯೂ ಅಲ್ಲ, ಏನೂ ಅಲ್ಲ, ಹೊಸದಾಗಿ ಕೆಲಸ ಸಿಕ್ಕಿದ್ದ ಒಬ್ಬ ಸಣ್ಣ ಅಧಿಕಾರಿ. ಪಾಪ, ಇಷ್ಟೆಲ್ಲ ಹೊಲಿಸಿಕೊಂಡು ಹೋದರೆ ರಾಣಿಯ ಮುಖವೂ ಕಂಡಿಲ್ಲ. ಆಗ ವಿಕ್ಟೋರಿಯಾ ಪರವಾಗಿ ಹೆಚ್ಚಾಗಿ ಮಗನೇ ಲೆವೀ ನಡೆಸುತ್ತಿದ್ದ, ಅವನಿಗೆ ತಲೆಬಾಗಿದರೆ ರಾಣಿಗೇ ಬಾಗಿದ ಲೆಕ್ಕ.

ನನಗೆ ರಾಯಭಾರಿಗಿಂತ ಇವರೇ ಜಾಸ್ತಿ ಇಷ್ಟವಾದರು. ಕೋಟಿನ ಅಸ್ತರು ಎತ್ತಿ ನೋಡಿದರೆ ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿದ ಗುರುತಿದೆ. ಒಂದು ಸಲ ಅಲ್ಲ, ಎರಡು ಸಲ. ಹಳೇ ಸೂಜಿ ತೂತುಗಳು ಸಾಲಾಗಿ ಹಾಗೇ ಉಳಿದಿವೆ. ಹೊಟ್ಟೆ ಬಂದಿದೆ, ಹೊಸ ಕೋಟು ಹೊಲಿಸಿಲ್ಲ.

ಅಂಗಡಿಯವರಿಗೆ ಇದನ್ನೆಲ್ಲ ಬರೆದು ಮೇಲ್ ಮಾಡಿದೆ. ನುಸಿ ತೂತಿಗೆ 40 ಪೌಂಡ್ ವಾಪಸ್ ಕೊಟ್ಟರು. ರಾಯಭಾರಿ ಲೆಕ್ಕಕ್ಕೆ ಏನೂ ಕೊಡಲಿಲ್ಲ.