ಕೇಬಲ್ ಎಳೆಯೋದ್ರಲ್ಲಿ ಪಾಸ್, ಪಿನ್ ಹಾಕೋದ್ರಲ್ಲಿ ಫೇಲ್

ಮನೆಯ ಗೋಡೆಯೊಳಗೆ ನೆಟ್‌ವರ್ಕ್ ಕೇಬಲ್ ಹಾಕಿಸಿದೆ. ಐದರಲ್ಲಿ ಮೂರು ಸ್ಟಾರ್. ಬರೀ ಗೋಡೆ ಕೆಲಸ ಮಾತ್ರ ಲೆಕ್ಕಕ್ಕೆ ಹಿಡಿದಿದ್ದರೆ ಐದಕ್ಕೆ ಐದೂ ಕೊಡುತ್ತಿದ್ದೆ. ಸಣ್ಣ ತಂಡ, ಹೆಸರು ಬೇಡ.

ವೈಫೈ ಇರುವಾಗ ಇದೆಲ್ಲ ಯಾಕೆ ಅಂತ ಕೇಳಬೇಡಿ. ಎರಡು ದಪ್ಪ ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸುಸ್ತಾಗಿರುತ್ತದೆ.

ಮೊದಲು ಹೊಗಳಿಕೆ. ಬಂದವರು ಬಂದ ತಕ್ಷಣ ಡ್ರಿಲ್ ಕೈಗೆತ್ತಿಕೊಳ್ಳಲಿಲ್ಲ. ಗೋಡೆಯ ಪ್ಲೇಟ್‌ಗಳನ್ನು ಬಿಚ್ಚಿ, ಯಾವ ಪೈಪ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಹುಡುಕಿದರು. ಹಳೇ ಲ್ಯಾಂಡ್‌ಲೈನ್ ಪೈಪ್ ಸುಮ್ನೆ ಬಿದ್ದಿತ್ತು. ಅದರೊಳಗಿನ ಹಳೇ ವೈರಿನ ತುದಿಗೇ ಹೊಸ ಕೇಬಲ್ ಮತ್ತು ಒಂದು ನೈಲಾನ್ ಹಗ್ಗ ಕಟ್ಟಿ, ಗಂಟಿನ ಮೇಲೆ ನುಣ್ಣಗೆ ಟೇಪ್ ಸುತ್ತಿ ಎಳೆದರು. ಗೋಡೆ ಒಡೆಯುವ ಕೆಲಸ ಅರ್ಧಕ್ಕರ್ಧ ಅಲ್ಲೇ ತಪ್ಪಿತು. ಹಗ್ಗ ಈಗಲೂ ಪೈಪಿನಲ್ಲೇ ಇದೆ, ಮುಂದೆ ಇನ್ನೊಂದು ಕೇಬಲ್ ಬೇಕಾದರೆ ಇರಲಿ ಅಂತ.

ಕರೆಂಟ್ ವೈರ್ ಇರುವ ಪೈಪಿನಲ್ಲೇ ಇದನ್ನೂ ತೂರಿಸಿಬಿಡಿ ಅಂತ ನಮ್ಮ ಮನೆಯವರೇ ಒಬ್ಬರು ಹೇಳಿದಾಗ ಖಂಡತುಂಡವಾಗಿ ಆಗಲ್ಲ ಅಂದರು. ಸರಿಯಾದ ಮಾತೇ. ಡೇಟಾಗೆ ತೊಂದರೆ ಆಗುವುದು ಹಾಗಿರಲಿ, ಎಲ್ಲಾದರೂ ವೈರಿನ ಮೇಲಿನ ಪ್ಲಾಸ್ಟಿಕ್ ಸವೆದರೆ ಕರೆಂಟ್ ಸೀದಾ ರೂಟರ್‌ಗೆ, ಅಲ್ಲಿಂದ ನಿಮ್ಮ ಕೈಗೆ.

ಎಳೆಯುವಾಗ ಒಬ್ಬ ಈ ಕಡೆ ಹಿಡಿದರೆ ಇನ್ನೊಬ್ಬ ಆ ಕಡೆಯಿಂದ ಸಿಕ್ಕಾಗದಂತೆ ಕೇಬಲ್ ಬಿಡುತ್ತಾ ಹೋದ. ತಡೆದ ಕಡೆ ಜಗ್ಗಲಿಲ್ಲ, ಸ್ವಲ್ಪ ಹಿಂದಕ್ಕೆ ತೆಗೆದು ಮತ್ತೆ ಎಳೆದರು. ಈ ಕೇಬಲ್ ತಡೆಯುವುದು ಸುಮಾರು 11 ಕೆಜಿ ಭಾರದಷ್ಟು ಎಳೆತವನ್ನು ಮಾತ್ರ. ಅದಕ್ಕಿಂತ ಜಾಸ್ತಿ ಜಗ್ಗಿದರೆ ಒಳಗೆ ಎರಡೆರಡಾಗಿ ಹೆಣೆದಿರುವ ತಂತಿ ಜೋಡಿಗಳ ಹುರಿ ಕೆಡುತ್ತದೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ತಂದಿದ್ದ ಕ್ಯಾಟ್ 6 ದರ್ಜೆಯ ಕೇಬಲ್ ಕೂಡ ಪೂರ್ತಿ ತಾಮ್ರದ್ದು. ಡಬ್ಬದ ಮೇಲೆ ಸಿಸಿಎ ಅಂತ ಇದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಗೋಡೆಯೊಳಗೆ ಹೋಗಲೇಬಾರದ ಮಾಲು.

ಇಷ್ಟೆಲ್ಲ ಚೆನ್ನಾಗಿ ಮಾಡಿದವರು ತುದಿಯಲ್ಲಿ ಎಡವಿದರು. ಮಹಡಿಯಲ್ಲಿ ವೈಫೈ ಹರಡುವ ಆಕ್ಸೆಸ್ ಪಾಯಿಂಟ್‌ಗೆ ಹೋದ ಕೇಬಲ್ ಒಮ್ಮೆ 1 ಗಿಗಾಬಿಟ್ ತೋರಿಸುತ್ತಿತ್ತು, ಒಮ್ಮೆ ಅದರ ಹತ್ತರಲ್ಲೊಂದು ವೇಗ, ಅಂದರೆ 100 ಎಂಬಿಪಿಎಸ್, ಮತ್ತೊಮ್ಮೆ ಲಿಂಕೇ ಇಲ್ಲ. ಕರೆದು ಕೇಳಿದರೆ ಟೆಸ್ಟರ್ ಹಾಕಿ ತೋರಿಸಿದರು. 1ರಿಂದ 8ರವರೆಗೆ ದೀಪ ಸಾಲಾಗಿ ಹತ್ತಿತು. "ನೋಡಿ ಸಾರ್, ಎಲ್ಲಾ ಓಕೆ."

ಓಕೆ ಅಲ್ಲ. ಕೇಬಲ್ ತುದಿಗೆ ಹಾಕುವ ಆರ್‌ಜೆ45 ಪಿನ್ನಿನ ಪ್ಲಾಸ್ಟಿಕ್ ಪಾರದರ್ಶಕ, ಕಣ್ಣಿಗೆ ಹತ್ತಿರ ಹಿಡಿದರೆ ಬಣ್ಣ ಕಾಣುತ್ತದೆ. ಕಿತ್ತಳೆ, ಹಸಿರು, ನೀಲಿ, ಕಂದು ಅಂತ ಜೋಡಿ ಜೋಡಿಯಾಗಿ ನೀಟಾಗಿ ಜೋಡಿಸಿದ್ದರು. ನೋಡೋಕೆ ಚೆಂದ, ಆದರೆ ಹಸಿರು ಜೋಡಿ ಪಿನ್ನಿನ 3 ಮತ್ತು 6ನೇ ಜಾಗದಲ್ಲಿ ಇರಬೇಕು, ಅದರ ನಡುವೆ 4, 5ರಲ್ಲಿ ನೀಲಿ. ಎರಡೂ ತುದಿಯಲ್ಲಿ ಒಂದೇ ತಪ್ಪು ಮಾಡಿದ್ದರಿಂದ ಪ್ರತಿ ತಂತಿಯೂ ಈ ತುದಿಯಿಂದ ಆ ತುದಿಗೆ ಸರಿಯಾಗಿಯೇ ತಲುಪುತ್ತದೆ, ದೀಪ ಹತ್ತುತ್ತದೆ. ಆದರೆ ಒಟ್ಟಿಗೆ ಕೆಲಸ ಮಾಡಬೇಕಾದ ಎರಡು ತಂತಿಗಳು ಬೇರೆ ಬೇರೆ ಹುರಿಯಲ್ಲಿ ಸೇರಿಕೊಂಡು ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ. ದೀಪದ ಟೆಸ್ಟರ್‌ಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ. ಕೆಳಗಿನ ಒಂದು ಜಾಕ್‌ನಲ್ಲಂತೂ ಹುರಿಯನ್ನು ಬೆರಳುದ್ದ ಬಿಚ್ಚಿಟ್ಟಿದ್ದರು.

ತೋರಿಸಿದ ಮೇಲೆ ವಾದ ಮಾಡಲಿಲ್ಲ, ಎಲ್ಲವನ್ನೂ ಕತ್ತರಿಸಿ ಹೊಸದಾಗಿ ಹಾಕಿಕೊಟ್ಟರು, ಹೆಚ್ಚಿಗೆ ದುಡ್ಡೂ ಕೇಳಲಿಲ್ಲ. ಮೂರನೇ ಸ್ಟಾರ್ ಅದಕ್ಕೇ. ಈಗ ಎಲ್ಲ ಕಡೆ ಗಿಗಾಬಿಟ್ ಬರುತ್ತಿದೆ. ಇವರನ್ನು ಕರೆಸುವವರು ಧೈರ್ಯವಾಗಿ ಕರೆಸಿ, ಆದರೆ ಪೂರ್ತಿ ದುಡ್ಡು ಕೊಡುವ ಮೊದಲು ಪ್ರತಿ ಪಾಯಿಂಟ್‌ಗೂ ಲ್ಯಾಪ್‌ಟಾಪ್ ಸಿಕ್ಕಿಸಿ ಒಂದು ದೊಡ್ಡ ಫೈಲ್ ಕಾಪಿ ಮಾಡಿ ನೋಡಿ.