ಚುಕ್ಕಿ ಓಡ್ತಿತ್ತು, ರೇಡಿಯೋ ಮಾತ್ರ ಸುಮ್ನಿತ್ತು: ಮೂರು ಎಪಿಆರ್‌ಎಸ್ ಟ್ರ್ಯಾಕರ್‌ಗಳ ಹೋಲಿಕೆ

ನಾನೊಬ್ಬ ಹ್ಯಾಮ್, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋ ಬಳಕೆದಾರ. ನಾನಿರುವ ಜಾಗವನ್ನು ರೇಡಿಯೋದಲ್ಲಿ ತಿಳಿಸುವ ಎಪಿಆರ್‌ಎಸ್ ಟ್ರ್ಯಾಕರ್ ಒಂದನ್ನು ಕಟ್ಟಿದ್ದೆ. ಮೊದಲ ವಾರ ನಾನು ಹಿಗ್ಗಿದ್ದೇ ಹಿಗ್ಗಿದ್ದು. ಯಲಹಂಕದ ಮನೆಯಿಂದ ಸ್ಕೂಟರ್ ಹತ್ತಿ ಹೊರಟರೆ ಸಾಕು, ಎಪಿಆರ್‌ಎಸ್ ಡಾಟ್ ಎಫ್‌ಐ ಮ್ಯಾಪಿನಲ್ಲಿ ನನ್ನ ಕಾಲ್‌ಸೈನ್ (ರೇಡಿಯೋ ಹೆಸರು) ಹೊತ್ತ ಚುಕ್ಕಿಯೂ ಹೊರಡುತ್ತಿತ್ತು. ಬ್ಯಾಗಿನಲ್ಲಿ ಒಂದು ಅಗ್ಗದ ಹ್ಯಾಂಡಿ ಸೆಟ್ (ಕೈಯಲ್ಲಿ ಹಿಡಿಯುವ ರೇಡಿಯೋ), ಅದಕ್ಕೊಂದು ಕೇಬಲ್, ಕೇಬಲ್ಲಿನ ಇನ್ನೊಂದು ತುದಿಗೆ ಹಳೆಯ ಆಂಡ್ರಾಯ್ಡ್ ಫೋನ್. ಫೋನಿನಲ್ಲಿ ಎಪಿಆರ್‌ಎಸ್‌ಡ್ರಾಯ್ಡ್ ಆ್ಯಪ್. ಇಡೀ ದಿನ ಓಡಾಡಿದರೂ ಸೆಟ್ಟಿನ ಬ್ಯಾಟರಿ ಒಂದು ಗೆರೆಯೂ ಇಳಿಯುತ್ತಿರಲಿಲ್ಲ. ಎಂಥಾ ಬ್ಯಾಟರಿ ಅಂತ ಕಂಡಕಂಡವರಿಗೆ ಹೊಗಳಿದ್ದೆ.

ನಮ್ಮ ಬಳಗದಲ್ಲಿ ಪುತ್ತೂರು ಕಡೆಯ ಹಿರಿಯ ಹ್ಯಾಮ್ ಒಬ್ಬರಿದ್ದಾರೆ. ಅವರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಮ್ಯಾಪ್ ಕಡೆ ಕಣ್ಣೇ ಹಾಯಿಸಲಿಲ್ಲ. ಅದೇ ತಾಣದ ರಾ ಪ್ಯಾಕೆಟ್ ಪುಟ, ಅಂದರೆ ಬಂದ ಸುದ್ದಿ ಬಂದ ಹಾಗೇ ಕಾಣುವ ಪುಟ, ತೆಗೆದು ಒಂದು ಸಾಲು ಓದಿದರು. “ಇದರಲ್ಲಿ ಟಿಸಿಪಿಐಪಿ ಅಂತ ಉಂಟಲ್ಲ ಮಾರಾಯ್ರೆ. ನಿಮ್ಮ ರೇಡಿಯೋ ಒಂದು ಸಲವೂ ಬಾಯಿ ಬಿಟ್ಟಿಲ್ಲ.”

ಹೌದು. ಆ್ಯಪಿನ ಕನೆಕ್ಷನ್ ಸೆಟ್ಟಿಂಗನ್ನು ನಾನು ಇಂಟರ್ನೆಟ್ ಮೇಲೇ ಬಿಟ್ಟಿದ್ದೆ. ಫೋನು ತನ್ನ ಪಾಡಿಗೆ ಮೊಬೈಲ್ ಡೇಟಾದಲ್ಲಿ ಸುದ್ದಿ ಕಳಿಸುತ್ತಿತ್ತು. ಸೆಟ್ಟು ಬ್ಯಾಗಿನಲ್ಲಿ ನಿದ್ದೆ ಹೊಡೆಯುತ್ತಿತ್ತು. ಬ್ಯಾಟರಿ ಇಳಿಯದೇ ಇದ್ದದ್ದು ಯಾಕೆ ಅಂತ ಆಗ ಗೊತ್ತಾಯ್ತು.

ಆಮೇಲಿನ ಆರು ತಿಂಗಳು ಮೂರು ಬಗೆಯ ಟ್ರ್ಯಾಕರ್ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿದೆ. ಯಾವುದು ದೂರ ಹೋಗುತ್ತದೆ, ಯಾವುದು ಅಗ್ಗ ಎಂಬ ಹೋಲಿಕೆ ಎಲ್ಲ ಕಡೆ ಸಿಗುತ್ತದೆ. ನಾನು ನೋಡಿದ್ದು ಬೇರೆ: ಕೆಟ್ಟಾಗ ಯಾವುದು ತಾನೇ ಬಾಯಿ ಬಿಟ್ಟು ಎಲ್ಲಿ ನೋವು ಅಂತ ಹೇಳುತ್ತದೆ?

ಹ್ಯಾಮ್ ಅಲ್ಲದವರಿಗೆ ಎರಡು ಮಾತು. ಎಪಿಆರ್‌ಎಸ್ ಅಂದರೆ ನಾವಿರುವ ಜಾಗ, ಚಿಕ್ಕ ಸಂದೇಶ, ಹವಾಮಾನದ ಅಳತೆ ಇವನ್ನೆಲ್ಲ ರೇಡಿಯೋದಲ್ಲಿ ಪ್ಯಾಕೆಟ್ ಮಾಡಿ ಬಿಡುವ ಪದ್ಧತಿ. ಕಟ್ಟಿದವರು ಅಮೆರಿಕದ ನೌಕಾ ಅಕಾಡೆಮಿಯಲ್ಲಿದ್ದ ಬಾಬ್ ಬ್ರುನಿಂಗಾ. 2022ರಲ್ಲಿ ತೀರಿಕೊಂಡರು. ಜಿಪಿಎಸ್ ಕೊಟ್ಟ ಅಂಕಿಗಳನ್ನು ಮೋಡೆಮ್ 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಾಗಿ ಮಾಡುತ್ತದೆ, ಸೆಟ್ಟು ಅದನ್ನು ಗಾಳಿಗೆ ಬಿಡುತ್ತದೆ. ಡಿಜಿಪೀಟರ್ ಕೇಳಿಸಿಕೊಂಡು ಮತ್ತೆ ಕೂಗುತ್ತದೆ. ಐಗೇಟ್ ಕೇಳಿಸಿಕೊಂಡು ಇಂಟರ್ನೆಟ್ಟಿಗೆ ಹಾಕುತ್ತದೆ. ಜಿಪಿಎಸ್, ಮೋಡೆಮ್, ಸೆಟ್ಟು, ಆಂಟೆನಾ, ಐಗೇಟ್, ಸರ್ವರ್. ಇಷ್ಟರಲ್ಲಿ ಎಲ್ಲಿ ತುಂಡಾದರೂ ಹೊರಗಿನಿಂದ ಕಾಣುವುದು ಒಂದೇ: ಮ್ಯಾಪಿನಲ್ಲಿ ಚುಕ್ಕಿ ಇಲ್ಲ.

ಆ ರಾ ಸಾಲು ಓದುವುದನ್ನು ಮೊದಲು ಕಲಿಯಿರಿ. ಸಾಲಿನಲ್ಲಿ ಟಿಸಿಪಿಐಪಿ, ಕ್ಯೂಎಸಿ ಇದ್ದರೆ ಪ್ಯಾಕೆಟ್ ನೇರ ಇಂಟರ್ನೆಟ್ಟಿನಿಂದ ಬಂದದ್ದು. ಕ್ಯೂಎಆರ್ ಅಥವಾ ಕ್ಯೂಎಒ ಇದ್ದು, ಅದರ ಮುಂದೆ ಬೇರೆಯವರ ಕಾಲ್‌ಸೈನ್ ಇದ್ದರೆ ಒಂದು ಐಗೇಟ್ ಅದನ್ನು ರೇಡಿಯೋದಲ್ಲಿ ಕೇಳಿಸಿಕೊಂಡಿದೆ. ಇಷ್ಟು ಗೊತ್ತಿದ್ದರೆ ನನ್ನ ಒಂದು ವಾರ ಉಳಿಯುತ್ತಿತ್ತು.

ಫೋನ್, ಕೇಬಲ್, ಹ್ಯಾಂಡಿ

ಎಲ್ಲಕ್ಕಿಂತ ಅಗ್ಗ. ಫೋನು ಮನೆಯಲ್ಲೇ ಇರುತ್ತದೆ, ಸೆಟ್ಟೂ ಇರುತ್ತದೆ, ಕೇಬಲ್ ಒಂದೇ ಖರ್ಚು. ಆದರೆ ಫೋನಿಗೆ ಸೆಟ್ಟಿನ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತುವ ದಾರಿ ಇಲ್ಲ. ಹಾಗಾಗಿ ಸೆಟ್ಟಿನಲ್ಲಿ ವಾಕ್ಸ್, ಅಂದರೆ ಶಬ್ದ ಬಂದರೆ ತಾನೇ ಕಳಿಸುವ ಆಯ್ಕೆ, ಹಾಕಬೇಕು. ಶಬ್ದ ಬಂತು ಅಂತ ಸೆಟ್ಟಿಗೆ ಅರ್ಥವಾಗಿ ಅದು ಟ್ರಾನ್ಸ್‌ಮಿಟ್‌ಗೆ ಹೋಗುವಷ್ಟರಲ್ಲಿ ಪ್ಯಾಕೆಟ್ಟಿನ ತಲೆ ಹಾರಿರುತ್ತದೆ. ತಲೆ ಇಲ್ಲದ ಪ್ಯಾಕೆಟ್ಟನ್ನು ಯಾವ ಐಗೇಟೂ ಸೇರಿಸಿಕೊಳ್ಳುವುದಿಲ್ಲ. ಆ್ಯಪಿನಲ್ಲಿ ಪ್ರಿಯಾಂಬಲ್ (ಪ್ಯಾಕೆಟ್ಟಿಗೆ ಮುಂಚಿನ ಪೀಠಿಕೆ ಸ್ವರ) ಉದ್ದ ಮಾಡಿದ ಮೇಲೆ ಸರಿಹೋಯಿತು. ಪ್ಯಾಕೆಟ್ ಮುಗಿದ ಮೇಲೂ ವಾಕ್ಸ್ ಸ್ವಲ್ಪ ಹೊತ್ತು ಚಾನೆಲ್ ಹಿಡಿದುಕೊಂಡೇ ಇರುತ್ತದೆ. ಅದಕ್ಕೆ ಮದ್ದು ಸಿಗಲಿಲ್ಲ.

ಎರಡನೆಯದು ವಾಲ್ಯೂಮ್. ನಾನು ಫುಲ್ ಇಟ್ಟಿದ್ದೆ. ಜೋರಾಗಿ ಕೂಗಿದರೆ ಜಾಸ್ತಿ ದೂರ ಕೇಳಿಸುತ್ತೆ ಅಲ್ವಾ? ಎಫ್‌ಎಂನಲ್ಲಿ ಹಾಗಲ್ಲ. ಡೀವಿಯೇಷನ್, ಅಂದರೆ ಶಬ್ದಕ್ಕೆ ತಕ್ಕಂತೆ ಫ್ರೀಕ್ವೆನ್ಸಿ ಸರಿಯುವ ಪ್ರಮಾಣ, 3ರಿಂದ 3.5 ಕಿಲೋಹರ್ಟ್ಸ್ ಇದ್ದರೆ ಚೆನ್ನ. ಅದು ಮೀರಿದರೆ ಸ್ವರ ಒಡೆದು ಹೋಗುತ್ತದೆ. ಅಳೆಯುವ ಉಪಕರಣ ನನ್ನ ಹತ್ತಿರ ಇರಲಿಲ್ಲ. ಪಕ್ಕದಲ್ಲಿ ಇನ್ನೊಂದು ಸೆಟ್ ಇಟ್ಟು ಕೇಳಿದೆ. ಫೋನಿನ ವಾಲ್ಯೂಮ್ ಏರಿಸಿದ ಹಾಗೆಲ್ಲ ಆ ಸೆಟ್ಟಿನಲ್ಲೂ ಶಬ್ದ ಏರುತ್ತದೆ. ಒಂದು ಹಂತ ದಾಟಿದ ಮೇಲೆ ಶಬ್ದ ಏರುವುದಿಲ್ಲ, ಬರೀ ಕರ್ಕಶವಾಗುತ್ತದೆ. ಆ ಹಂತಕ್ಕಿಂತ ಚೆನ್ನಾಗಿ ಕೆಳಗೆ ನಿಲ್ಲಿಸಿದೆ. ನನ್ನ ಫೋನಿನಲ್ಲಿ ಅದು ಅರ್ಧದ ಮೇಲೆ ಎರಡು ಗೆರೆ.

ಮೂರನೆಯದನ್ನು ಹೇಳಲು ನಾಚಿಕೆ. ಒಂದು ಬೆಳಿಗ್ಗೆ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಮ್ಮ ಶುಭೋದಯ ಕಳಿಸಿದರು. ಮೆಸೇಜ್ ಟೋನ್ ಕೇಬಲ್ಲಿಗೆ ಹೋಯಿತು, ವಾಕ್ಸ್ ಎದ್ದಿತು, ಟಿಣ್ ಅಂತ ಇಡೀ ಬೆಂಗಳೂರಿಗೆ ಪ್ರಸಾರವಾಯಿತು. ಈ ಕೆಲಸಕ್ಕೆ ಇಡುವ ಫೋನಿನಲ್ಲಿ ಸಿಮ್ ಬೇಡ, ನೋಟಿಫಿಕೇಷನ್ ಬೇಡ. ಬ್ಯಾಟರಿ ಉಳಿಸುವ ಆಯ್ಕೆಯಿಂದಲೂ ಆ್ಯಪನ್ನು ಹೊರಗಿಡಿ. ಇಲ್ಲದಿದ್ದರೆ ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗೆ ಆಂಡ್ರಾಯ್ಡ್ ಅದನ್ನು ಮಲಗಿಸಿಬಿಡುತ್ತದೆ. ಸೆಟ್ಟಿನಲ್ಲಿ ಬ್ಯಾಟರಿ ಸೇವ್, ಡ್ಯುಯಲ್ ವಾಚ್ (ಎರಡು ಚಾನೆಲ್ಲನ್ನು ಸರದಿಯಲ್ಲಿ ಕೇಳುವುದು) ಎರಡನ್ನೂ ಆಫ್ ಮಾಡಿ. ಇಲ್ಲದಿದ್ದರೆ ಬರುವ ಪ್ಯಾಕೆಟ್ಟುಗಳ ಮೊದಲ ಭಾಗ ಕೇಳಿಸುವುದೇ ಇಲ್ಲ.

ಇಷ್ಟೆಲ್ಲ ಸರಿಮಾಡಿದ ಮೇಲೆ ಇದು ಓಡಿತು. ಆದರೆ ಕೆಟ್ಟರೆ ಮೂಗನ ಹಾಗೆ ಕೂರುತ್ತದೆ. ಆ್ಯಪ್ ‘ಕಳಿಸಿದೆ’ ಅನ್ನುತ್ತದೆ. ಅದು ಕಳಿಸಿದ್ದು ಹೆಡ್‌ಫೋನ್ ತೂತಿಗೆ. ಅಲ್ಲಿಂದ ಮುಂದೆ ಏನಾಯಿತು ಅಂತ ಅದಕ್ಕೂ ಗೊತ್ತಿಲ್ಲ.

ರಾಸ್ಪ್‌ಬೆರಿ ಪೈ ಮತ್ತು ಡೈರ್‌ವುಲ್ಫ್

ಪೈ ಅಂದರೆ ಪುಟ್ಟ ಕಂಪ್ಯೂಟರ್, ಡೈರ್‌ವುಲ್ಫ್ ಅಂದರೆ ಅದರಲ್ಲಿ ಓಡುವ, ಮೋಡೆಮ್ ಕೆಲಸ ಮಾಡುವ ಸಾಫ್ಟ್‌ವೇರ್. ಪೈಯಲ್ಲಿ ಮೈಕ್ ತೂತಿಲ್ಲ, ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಅದಕ್ಕೊಂದು ಯುಎಸ್‌ಬಿ ಜಿಪಿಎಸ್, ಪಿಟಿಟಿಗೆ ಒಂದು ಟ್ರಾನ್ಸಿಸ್ಟರ್, ಪವರ್ ಬ್ಯಾಂಕ್. ಟಿಫಿನ್ ಡಬ್ಬಿಯೊಳಗೆ ತುರುಕಿದರೆ ವೈರುಗಳ ಶ್ಯಾವಿಗೆ. ಅಮ್ಮ ನೋಡಿ, “ಎಲ್ಲಿದ್ದೀಯಾ ಅಂತ ಫೋನ್ ಮಾಡಿ ಕೇಳಿದ್ರೆ ಸಾಕಾಗಲ್ವೇನೋ?” ಅಂದರು. ಉತ್ತರ ಹೊಳೆಯಲಿಲ್ಲ.

ಆದರೂ ಡೈರ್‌ವುಲ್ಫ್ ನನಗೆ ತುಂಬಾ ಇಷ್ಟವಾಯಿತು, ಅದು ವಾಚಾಳಿ. ಕೇಳಿಸಿಕೊಂಡ ಪ್ರತಿ ಪ್ಯಾಕೆಟ್ಟಿಗೂ ಆಡಿಯೋ ಮಟ್ಟ ಬರೆಯುತ್ತದೆ. 50ರ ಆಸುಪಾಸು ಇದ್ದರೆ ಸರಿ, ಜಾಸ್ತಿಯಾದರೆ ತಗ್ಗಿಸು ಅಂತ ಬಾಯಿಬಿಟ್ಟು ಹೇಳುತ್ತದೆ. ಪಕ್ಕದಲ್ಲೇ ಎರಡು ಸ್ವರಗಳ ಬಲವನ್ನೂ ಬೇರೆಬೇರೆ ತೋರಿಸುತ್ತದೆ. ಫೋನಿನ ಪ್ಯಾಕೆಟ್ಟುಗಳನ್ನು ಇದರಲ್ಲಿ ಕೇಳಿಸಿದಾಗ ಅರ್ಧ ರೋಗ ಅಲ್ಲೇ ಕಂಡಿತು. ವಾಲ್ಯೂಮ್ ಜಾಸ್ತಿ ಇದ್ದಾಗ ಎರಡು ಸ್ವರಗಳ ಬಲದಲ್ಲಿ ತುಂಬಾ ವ್ಯತ್ಯಾಸ, ಇಳಿಸಿದಾಗ ಸಮ. ಹಾಗಾಗಿ ಹಳೆಯ ಲ್ಯಾಪ್‌ಟಾಪಿಗೆ ಆರ್‌ಟಿಎಲ್ ಡಾಂಗಲ್ (ಯುಎಸ್‌ಬಿ ರೇಡಿಯೋ ರಿಸೀವರ್) ಚುಚ್ಚಿ ಮನೆಯಲ್ಲೂ ಒಂದು ಡೈರ್‌ವುಲ್ಫ್ ಕೂರಿಸಿದೆ. ಬರೀ ಕೇಳುವ ಕಿವಿ.

ಇದಕ್ಕೂ ತನ್ನದೇ ತಕರಾರುಗಳಿವೆ. ಪೈ ಮತ್ತೆ ಆನ್ ಮಾಡಿದಾಗ ಸೌಂಡ್ ಕಾರ್ಡಿನ ನಂಬರ್ 1 ಇದ್ದದ್ದು 2 ಆಗಿರುತ್ತದೆ, ಡೈರ್‌ವುಲ್ಫ್ ಕಿವುಡಾಗುತ್ತದೆ. ಕಾನ್ಫಿಗ್ ಫೈಲಿನಲ್ಲಿ ನಂಬರಿನ ಬದಲು ಕಾರ್ಡಿನ ಹೆಸರು ಬರೆದರೆ ಈ ಕಾಟ ಇಲ್ಲ. ಶಬ್ದದ ಮಟ್ಟವನ್ನು ತಾನೇ ಏರಿಳಿಸುವ ಸೌಂಡ್ ಕಾರ್ಡಿನ ಆಟೋ ಗೇನ್ ಆಫ್ ಮಾಡಲೇಬೇಕು. ಪಿಟಿಟಿ ಒತ್ತಿ ಸ್ವರ ಶುರುವಾಗುವ ನಡುವಿನ ಬಿಡುವು ಮೊದಲಿಗೆ 300 ಮಿಲಿಸೆಕೆಂಡ್ ಇರುತ್ತದೆ. ನನ್ನ ಸೋಮಾರಿ ಸೆಟ್ಟಿಗೆ 500 ಬೇಕಾಯಿತು.

ಒಂದು ಸಲ ಪಿಟಿಟಿ ಅಂಟಿಕೊಂಡಿತು. ಕಳಿಸಲು ಶುರುಮಾಡಿದ್ದು ನಿಲ್ಲಿಸಲೇ ಇಲ್ಲ. ಸೆಟ್ಟಿನ ಟೈಮ್‌ಔಟ್ ಟೈಮರ್ ಒಂದು ನಿಮಿಷಕ್ಕೆ ಇಟ್ಟಿದ್ದರಿಂದ ಮರ್ಯಾದೆ ಉಳಿಯಿತು. ಕಾರಣ, ಆಂಟೆನಾ ಡಬ್ಬಿಯ ಪಕ್ಕದಲ್ಲೇ ಇತ್ತು. 5 ವಾಟ್ ಕೇಬಲ್ಲಿನೊಳಗೆ ನುಗ್ಗಿ ಟ್ರಾನ್ಸಿಸ್ಟರನ್ನು ಹಿಡಿದಿಟ್ಟಿತ್ತು. ಅದೇ ಕಾರಣಕ್ಕೆ ಜಾಗ ತಿಳಿಸುವ ಪ್ರತಿ ಬೀಕನ್ನಿಗೂ ಜಿಪಿಎಸ್ ಒಂದು ಕ್ಷಣ ಕಣ್ಣು ಮುಚ್ಚುತ್ತಿತ್ತು. ಕೇಬಲ್ಲಿಗೆ ಫೆರೈಟ್ ಮಣಿ ಹಾಕಿ, ಆಂಟೆನಾವನ್ನು ಸ್ಕೂಟರಿನ ಹಿಂದಿನ ಕಂಬಿಗೆ ಒಯ್ದ ಮೇಲೆ ಎರಡೂ ನಿಂತವು.

ನನ್ನದೇ ಪೆದ್ದುತನವೂ ಒಂದಿದೆ. ಮನೆಯ ಜಾಗವನ್ನು ಕೈಯಲ್ಲೇ ಬರೆದೆ. ಅಕ್ಷಾಂಶ 13.10 ಅಂತ ಫೋನ್ ಹೇಳಿತು, ನಾನು 13 ಡಿಗ್ರಿ 10 ಮಿನಿಟ್ ಅಂತ ಬರೆದೆ. ಒಂದು ಡಿಗ್ರಿಗೆ 60 ಮಿನಿಟ್, ಹಾಗಾಗಿ 0.10 ಡಿಗ್ರಿ ಅಂದರೆ 6 ಮಿನಿಟ್. ನಾಲ್ಕು ಮಿನಿಟ್ ತಪ್ಪಿಗೆ ಮನೆ 7 ಕಿಲೋಮೀಟರ್ ಉತ್ತರಕ್ಕೆ, ಚಿಕ್ಕಜಾಲದ ಕಡೆಗೆ ಹೋಗಿ ಕೂತಿತು. ಎಪಿಆರ್‌ಎಸ್ ಪ್ಯಾಕೆಟ್ಟಿನಲ್ಲಿ ಡಿಗ್ರಿ ಆದ ಮೇಲೆ ಮಿನಿಟ್ ಇರುತ್ತದೆ, ದಶಮಾಂಶ ಡಿಗ್ರಿ ಅಲ್ಲ. ಚುಕ್ಕಿ ಕೆಲವೇ ಕಿಲೋಮೀಟರ್ ತಪ್ಪಿ ಕೂತರೆ ಜಿಪಿಎಸ್ಸನ್ನು ಬೈಯುವ ಮೊದಲು ಇದನ್ನು ನೋಡಿ.

ಲೋರಾ ಬೋರ್ಡ್

ಲೋರಾ ಅಂದರೆ ಕಡಿಮೆ ಶಕ್ತಿಯಲ್ಲಿ, ನಿಧಾನವಾಗಿ, ದೂರಕ್ಕೆ ಕಳಿಸುವ ರೇಡಿಯೋ ಪದ್ಧತಿ. ಇದು ಅಂಗೈ ಅಗಲದ ಬೋರ್ಡು. ಅದರಲ್ಲೇ ಇಎಸ್‌ಪಿ32 ಚಿಪ್, ಲೋರಾ ರೇಡಿಯೋ, ಜಿಪಿಎಸ್, ಹಿಂದೆ ಒಂದು 18650 ಸೆಲ್. ಕೇಬಲ್ಲೇ ಇಲ್ಲ, ವಾಲ್ಯೂಮ್ ಇಲ್ಲ, ವಾಕ್ಸ್ ಇಲ್ಲ. ಕಳಿಸುವುದು 100 ಮಿಲಿವಾಟ್ ಮಾತ್ರ. ಹಿಂದಿನ ಎರಡರ ತಲೆನೋವು ಹೆಚ್ಚುಕಡಿಮೆ ಎಲ್ಲ ಇಲ್ಲಿ ಮಾಯ. ಹೊಸ ತಲೆನೋವು ಹುಟ್ಟಿದ್ದು ಕೊಳ್ಳುವಾಗಲೇ. 433 ಮೆಗಾಹರ್ಟ್ಸ್‌ನದು ಬೇಕು ಅಂದರೆ ಅಂಗಡಿಯವರು 868ರ ಬೋರ್ಡ್ ಕಳಿಸಿದರು. ನೋಡಲು ಅವಳಿಜವಳಿ. ಫರ್ಮ್‌ವೇರಿನಲ್ಲಿ (ಬೋರ್ಡಿಗೆ ತುಂಬುವ ಸಾಫ್ಟ್‌ವೇರ್) ಫ್ರೀಕ್ವೆನ್ಸಿ ಬದಲಿಸಿದರೆ ಕಳಿಸಿದಂತೆಯೇ ಕಾಣುತ್ತದೆ, ಆದರೆ ಆಂಟೆನಾ ಕಡೆಯ ಸರ್ಕ್ಯೂಟ್ ಬೇರೆ, ಗೇಟು ದಾಟುವುದರೊಳಗೆ ಸದ್ದಡಗುತ್ತದೆ.

ಇನ್ನೊಂದು ಮಾತು ನಮ್ಮ ದೇಶದವರು ಗಮನಿಸಲೇಬೇಕಾದದ್ದು. ಲೋರಾ ಎಪಿಆರ್‌ಎಸ್ ಫರ್ಮ್‌ವೇರ್‌ಗಳಲ್ಲಿ ಮೊದಲೇ ಇರುವುದು ಯೂರೋಪಿನ 433.775 ಮೆಗಾಹರ್ಟ್ಸ್. ಭಾರತದಲ್ಲಿ ಹ್ಯಾಮ್‌ಗಳಿಗೆ ಕೊಟ್ಟಿರುವುದು 434ರಿಂದ 438. ಅಂದರೆ ಬೋರ್ಡ್ ಆನ್ ಮಾಡಿದ ಕೂಡಲೇ ನಾವು ಗಡಿ ದಾಟಿರುತ್ತೇವೆ. ಟ್ರ್ಯಾಕರಿನಲ್ಲೂ ಐಗೇಟಿನಲ್ಲೂ ಅದನ್ನು ಬದಲಿಸಿ. ಮಾಮೂಲಿ ಎಪಿಆರ್‌ಎಸ್ ನಡೆಯುವ 2 ಮೀಟರ್ ಬ್ಯಾಂಡಿನಲ್ಲೂ ಎಲ್ಲ ಕಡೆ ಒಂದೇ ಫ್ರೀಕ್ವೆನ್ಸಿ ಇಲ್ಲ. ನಾನು ಬಳಸುವುದು 144.390, ಉತ್ತರ ಅಮೆರಿಕದಲ್ಲೂ ಅದೇ, ಯೂರೋಪಿನಲ್ಲಿ 144.800. ನಿಮ್ಮೂರಿನವರು ಎಲ್ಲಿದ್ದಾರೆ ಅಂತ ಕೇಳಿಕೊಂಡು ಹೋಗಿ.

ಸರಿಯಾದ ಬೋರ್ಡ್ ಬಂದ ಮೇಲೆ ಜಿಪಿಎಸ್ ಸತ್ತಂತೆ ಕೂತಿತು. ಆಕಾಶ ಕಾಣುವ ತಾರಸಿಯಲ್ಲಿ ಒಂದು ಗಂಟೆ ಇಟ್ಟೆ. ಏನೂ ಇಲ್ಲ. ಆಮೇಲೆ ತಿಳಿದದ್ದು, ಈ ಬೋರ್ಡಿನಲ್ಲಿ ಜಿಪಿಎಸ್ಸಿಗೆ ಕರೆಂಟ್ ಕೊಡುವುದು ಒಂದು ಪವರ್ ಚಿಪ್. ಹಳೆಯ ಆವೃತ್ತಿಯಲ್ಲಿ ಎಎಕ್ಸ್‌ಪಿ192, ಹೊಸದರಲ್ಲಿ ಎಎಕ್ಸ್‌ಪಿ2101. ನಾನು ಹಳೆಯದರ ಫರ್ಮ್‌ವೇರ್ ತುಂಬಿದ್ದೆ. ಜಿಪಿಎಸ್ಸಿಗೆ ಕರೆಂಟೇ ಹೋಗಿರಲಿಲ್ಲ! ಸರಿಯಾದದ್ದು ತುಂಬಿದ ಮೇಲೆ ಕೆಂಪು ದೀಪ ಮಿಟುಕಿತು. ಇದೇ ಬೋರ್ಡಿನಲ್ಲಿ ಮೊದಲು ಮೆಶ್‌ಟಾಸ್ಟಿಕ್ ಎಂಬ ಇನ್ನೊಂದು ಫರ್ಮ್‌ವೇರ್ ಹಾಕಿದ್ದರೆ ಬೇರೊಂದು ಕಥೆ: ಜಿಪಿಎಸ್ ತನ್ನ ಮಾಮೂಲಿ ಎನ್‌ಎಂಇಎ ಭಾಷೆ ಬಿಟ್ಟಿರಬಹುದು. ಆಗ ಅದನ್ನೊಮ್ಮೆ ರೀಸೆಟ್ ಮಾಡಬೇಕು.

ಬೋರ್ಡಿನ ಪುಟ್ಟ ಪರದೆಯಲ್ಲಿ ಸ್ಯಾಟಲೈಟ್ ಎಷ್ಟು, ಬ್ಯಾಟರಿ ಎಷ್ಟು, ಕಳಿಸಿದ್ದು ಯಾವಾಗ ಎಲ್ಲ ಕಾಣುತ್ತದೆ. ಬಾಯಿ ಬಿಡುವುದರಲ್ಲಿ ಇದು ಡೈರ್‌ವುಲ್ಫ್‌ನ ತಮ್ಮ. ಆದರೆ ಇದರ ಮಾತು ಮಾಮೂಲಿ ಎಪಿಆರ್‌ಎಸ್ ಐಗೇಟಿಗೆ ಅರ್ಥವಾಗುವುದಿಲ್ಲ. ಕೇಳಲು ಇನ್ನೊಂದು ಲೋರಾ ಐಗೇಟ್ ಬೇಕು. ಹಾಗಾಗಿ ಎರಡು ಬೋರ್ಡಿನ ಖರ್ಚು ಲೆಕ್ಕ ಹಾಕಿಕೊಳ್ಳಿ.

ನಂದಿ ಬೆಟ್ಟದಲ್ಲಿ

ಮೂರನ್ನೂ ಹೊತ್ತುಕೊಂಡು ಒಂದು ಭಾನುವಾರ ನಂದಿಗೆ ಹೋದೆ. ಮೇಲೆ 1,478 ಮೀಟರ್ ಎತ್ತರ, ನನ್ನ ತಾರಸಿಗೆ ನೇರ ಗೆರೆಯಲ್ಲಿ ಸುಮಾರು 30 ಕಿಲೋಮೀಟರ್. ಮೇಲಿನಿಂದ ಮೂರೂ ಮನೆಗೆ ತಲುಪಿದವು, ಆ 100 ಮಿಲಿವಾಟೂ ಕೂಡ. ಬೆಟ್ಟದ ಬುಡದಲ್ಲಿ, ಕಟ್ಟಡಗಳ ನಡುವೆ, ಲೋರಾ ಮಾತ್ರ ಆಗಾಗ ಕಾಣೆಯಾಯಿತು. ಮರಳಿ ಊರೊಳಗೆ ಬಂದ ಮೇಲಂತೂ ಎರಡು ಕಿಲೋಮೀಟರಿಗೇ ಏದುಸಿರು.

ತಿರುವುಗಳಲ್ಲಿ ಬೇರೆ ತಮಾಷೆ. ಫೋನು ಎರಡು ನಿಮಿಷಕ್ಕೊಮ್ಮೆ ಕಳಿಸುವಂತೆ ಇತ್ತು. ಮ್ಯಾಪಿನಲ್ಲಿ ನಾನು ರಸ್ತೆ ಬಿಟ್ಟು ಬಂಡೆಗಳ ಮೇಲೆ ಹಾರಿದ ಹಾಗೆ ನೇರ ಗೆರೆ. ಪೈಯಲ್ಲಿ ಸ್ಮಾರ್ಟ್ ಬೀಕನಿಂಗ್ ಹಾಕಿದ್ದೆ. ತಿರುಗಿದಾಗಲೆಲ್ಲ ಒಂದು ಪ್ಯಾಕೆಟ್, ನೇರ ರಸ್ತೆಯಲ್ಲಿ ಸುಮ್ಮನಿರು. ಅದರ ಗೆರೆ ರಸ್ತೆಯ ಮೇಲೇ ಬಿತ್ತು.

ಹಾಗಾದರೆ ಲೋರಾದಲ್ಲೂ ತಿರುವಿಗೊಂದು ಕಳಿಸಬಹುದಲ್ಲ? ಒಬ್ಬರಿಗಾದರೆ ಪರವಾಗಿಲ್ಲ. ಎಸ್‌ಎಫ್12 ಎಂಬ ಲೋರಾದ ಅತಿ ನಿಧಾನದ ಸೆಟ್ಟಿಂಗಿನಲ್ಲಿ ಒಂದು ಸಾಮಾನ್ಯ ಪ್ಯಾಕೆಟ್ ಗಾಳಿಯಲ್ಲಿ ಸುಮಾರು 2.5 ಸೆಕೆಂಡ್ ಇರುತ್ತದೆ. ರ್‍ಯಾಲಿಯಲ್ಲಿ 30 ಗಾಡಿ ನಿಮಿಷಕ್ಕೊಂದು ಕಳಿಸಿದರೆ 75 ಸೆಕೆಂಡ್ ಬೇಕು. ನಿಮಿಷಕ್ಕಿರುವುದೇ 60. ಮಾಮೂಲಿ ಎಪಿಆರ್‌ಎಸ್‌ನ 1200 ಬಾಡ್ ವೇಗದಲ್ಲಿ ಅದೇ ಪ್ಯಾಕೆಟ್ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ನಮ್ಮ ಬಳಗದಲ್ಲಿ ರ್‍ಯಾಲಿಗೂ ಲೋರಾ ಸಾಕು ಅನ್ನುವವರ ಜೊತೆ ನನ್ನ ಜಗಳ ಇದೇ.

ಗೆಳೆಯರ ಬ್ಲೂಟೂತ್ ಟಿಎನ್‌ಸಿ (ಪ್ಯಾಕೆಟ್ ಮೋಡೆಮ್) ಒಂದನ್ನು ಎರಡು ದಿನ ಎರವಲು ತಂದಿದ್ದೆ. ಫೋನಿನ ಕೇಬಲ್, ವಾಕ್ಸ್ ಎರಡೂ ರೋಗಕ್ಕೆ ಒಳ್ಳೆಯ ಔಷಧಿ. ಆದರೆ ಆಮದು ಸರಕು, ಸುಂಕ ಸೇರಿಸಿದರೆ ಹ್ಯಾಂಡಿಗಿಂತ ದುಬಾರಿ. ಎಪಿಆರ್‌ಎಸ್ ಒಳಗೇ ಇರುವ ಕೆನ್‌ವುಡ್, ಯಾಎಸು ಕಂಪನಿಗಳ ಸೆಟ್ಟುಗಳಲ್ಲಿ ಒಂದನ್ನು ಒಂದು ಸಂಜೆ ಹಿಡಿದು ನೋಡಿದೆ. ಆನ್ ಮಾಡಿದೆ, ಚುಕ್ಕಿ ಬಂತು, ಹೇಳಲು ಏನೂ ಉಳಿಯಲಿಲ್ಲ. ಬೆಲೆ ಕೇಳಿ ವಾಪಸ್ ಕೊಟ್ಟೆ.

ನಿಮ್ಮೂರಲ್ಲಿ ಐಗೇಟೇ ಇಲ್ಲ ಅಂದರೆ ಪರೀಕ್ಷೆಗೆ ಒಂದು ದಾರಿ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಡಿಜಿಪೀಟರ್ ಆನ್ ಇರುವ ದಿನಗಳಲ್ಲಿ 145.825ರಲ್ಲಿ ಕೇಳಿಸುತ್ತದೆ, ಒಳ್ಳೆಯ ಪಾಸ್ (ನಿಲ್ದಾಣ ನಮ್ಮ ಮೇಲೆ ಹಾದುಹೋಗುವುದು) ಆದರೆ ಹತ್ತು ನಿಮಿಷ ತಲೆಯ ಮೇಲಿರುತ್ತದೆ. ನನ್ನ ಪೈಯ ಪ್ಯಾಕೆಟ್ಟನ್ನು ಅದು ಒಮ್ಮೆ ಮರುಕೂಗಿತು. ಫೋನಿನದನ್ನು ನಾಲ್ಕು ಪಾಸ್‌ಗಳಲ್ಲೂ ಇಲ್ಲ.

ಈಗ ದಿನದ ಓಡಾಟಕ್ಕೆ ಲೋರಾ ಬೋರ್ಡ್ ಸ್ಕೂಟರಿನ ಮುಂದಿನ ಖಾನೆಯಲ್ಲಿದೆ. ದೂರದ ಪಯಣಕ್ಕೆ ಟಿಫಿನ್ ಡಬ್ಬಿ. ಫೋನ್ ಕೇಬಲ್ಲನ್ನು ಹೊಸದಾಗಿ ಲೈಸೆನ್ಸ್ ಪಡೆದ ಹುಡುಗನೊಬ್ಬನಿಗೆ ಕೊಟ್ಟೆ. ಮೊನ್ನೆ ಫೋನ್ ಮಾಡಿ, “ಸಾರ್, ಮೊದಲನೇ ದಿನವೇ ಮ್ಯಾಪಲ್ಲಿ ಬಂದೆ!” ಅಂದ. ರಾ ಸಾಲು ಓದು ಅಂದೆ.