ಮೂರು ಬ್ರಿಟಿಷ್ ರಾಜಕೀಯ ಥ್ರಿಲ್ಲರ್‌ಗಳು: ಯಾವುದನ್ನು ಮೊದಲು ನೋಡುವುದು?

‘ಹೌಸ್ ಆಫ್ ಕಾರ್ಡ್ಸ್’ (1990), ‘ಸ್ಟೇಟ್ ಆಫ್ ಪ್ಲೇ’ (2003), ‘ಬಾಡಿಗಾರ್ಡ್’ (2018): ಈ ಮೂರರಲ್ಲಿ ಯಾವುದು ಎಂದು ಕೇಳಿದ್ದೀರಿ. ಮೂರೂ ಬಿಬಿಸಿಯವೇ.

ಸಮಯ ಕಡಿಮೆಯಿದ್ದರೆ ಮೊದಲನೆಯದು, ನಾಲ್ಕೇ ಕಂತು. ಉಳಿದೆರಡಕ್ಕೆ ಆರಾರು.

ಕುರ್ಚಿಯ ತುದಿಯಲ್ಲಿ ಕೂರಿಸುವುದರಲ್ಲಿ ‘ಬಾಡಿಗಾರ್ಡ್’ ಮುಂದೆ. ಮೊದಲ ಕಂತಿನಲ್ಲೇ ಓಡುವ ರೈಲಿನ ಶೌಚಾಲಯದಲ್ಲಿ ಬಾಂಬು ಕಟ್ಟಿಕೊಂಡ ಹೆಂಗಸು; ಎದುರಿಗೆ ಮೆಲುದನಿಯಲ್ಲಿ ಮಾತನಾಡುತ್ತಲೇ ನಿಂತ ಕಥಾನಾಯಕ, ಪೊಲೀಸ್ ಅಂಗರಕ್ಷಕ ಡೇವಿಡ್ ಬಡ್. ನನ್ನ ಚಹಾ ಆರಿಹೋಗಿತ್ತು. ಆದರೆ ಕೊನೆಗೆ ಗಂಟು ಬಿಚ್ಚುವ ರೀತಿ ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ.

ಕಥೆಯ ಹೆಣಿಗೆಗೆ ‘ಸ್ಟೇಟ್ ಆಫ್ ಪ್ಲೇ’ಯನ್ನು ಮೀರಿಸುವುದು ಕಷ್ಟ. ಸಂಸದನೊಬ್ಬನ ಸಂಶೋಧಕಿ ಲಂಡನ್ನಿನ ಸುರಂಗ ರೈಲಿಗೆ ಸಿಕ್ಕಿ ಸಾಯುತ್ತಾಳೆ. ಸುದ್ದಿಯ ಜಾಡು ಹಿಡಿಯುವ ಪತ್ರಕರ್ತ ಆ ಸಂಸದನ ಹಳೆಯ ಗೆಳೆಯ. ಸಂಪಾದಕನಾಗಿ ಬಿಲ್ ನೈ ಬಂದಾಗಲೆಲ್ಲ ಸುದ್ದಿಮನೆಗೇ ಜೀವ ಬರುತ್ತದೆ. ಒಂದು ಎಚ್ಚರಿಕೆ: ಮೊಬೈಲ್ ನೋಡುತ್ತಾ ಕುಳಿತರೆ ಯಾರು ಯಾರೆಂಬುದೇ ತಪ್ಪಿಹೋಗುತ್ತದೆ. ಅಡುಗೆ ಮಾಡುತ್ತಾ ನೋಡುವ ಸರಣಿ ಇದಲ್ಲ.

ಮಾತಿನ ವಿಷ ಬೇಕೇ? ‘ಹೌಸ್ ಆಫ್ ಕಾರ್ಡ್ಸ್’. ಆರಂಭದಲ್ಲೇ ಕಥೆಯ ಸಂಚುಕೋರ ರಾಜಕಾರಣಿ ಫ್ರಾನ್ಸಿಸ್ ಅರ್ಕಾರ್ಟ್, ಆಗ ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಚಿತ್ರ ಹಿಡಿದು, ಯಾವುದೂ ಶಾಶ್ವತವಲ್ಲ ಎನ್ನುತ್ತಾನೆ. ಪ್ರಸಾರ ಶುರುವಾದ ವಾರದಲ್ಲೇ ಥ್ಯಾಚರ್ ನಿರ್ಗಮನ ಘೋಷಿಸಿದರು! ಅರ್ಕಾರ್ಟ್ ಆಗಿ ಇಯಾನ್ ರಿಚರ್ಡ್‌ಸನ್ ಕ್ಯಾಮೆರಾದತ್ತ ತಿರುಗಿ ಗುಟ್ಟು ಹೇಳುತ್ತಿದ್ದರೆ ನಾವೂ ಸಂಚಿನ ಪಾಲುದಾರರು. ಚಿತ್ರದ ಗುಣಮಟ್ಟ ಮಾತ್ರ ಹಳೆಯ ಕಾಲದ್ದು.

ಮನೆಮಂದಿಯೆಲ್ಲ ಒಟ್ಟಿಗೆ ಕೂರುವುದಾದರೆ ಮೂರರಲ್ಲಿ ಯಾವುದಕ್ಕೂ ನಾನು ಹೊಣೆಯಲ್ಲ.